ಮಲೆನಾಡಿನಲ್ಲಿ ವಿಕಲಚೇತನರಿಗೂ ಅವರನ್ನು ನೋಡಿಕೊಳ್ಳುವವರಿಗೂ ಸಿಗುವ ನೆರವು: ಎಲ್ಲಿಂದ ಶುರು ಮಾಡಬೇಕು, ಯಾವುದಾದ ಮೇಲೆ ಯಾವುದು

ವಿಕಲಚೇತನರಿಗೆ ಸರ್ಕಾರದಿಂದ ಏನೇನು ಸಿಗುತ್ತದೆ ಎಂದು ಕೇಳಿದರೆ ಉದ್ದನೆಯ ಪಟ್ಟಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮೊದಲು ಯಾವ ಬಾಗಿಲು ತಟ್ಟಬೇಕು, ಯಾವ ಕೆಲಸಕ್ಕೆ ಅವರನ್ನು ಕರೆದುಕೊಂಡೇ ಹೋಗಬೇಕು, ಯಾವುದಕ್ಕೆ ಮನೆಯವರು ಹೋದರೆ ಸಾಕು ಎಂದು ಹೇಳುವವರು ಕಡಿಮೆ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಹೊಸನಗರದ ಒಳಗಿನ ಒಂದು ಒಂಟಿ ಮನೆಯಿಂದ ನಡೆಯಲಾಗದವರನ್ನು ಶಿವಮೊಗ್ಗಕ್ಕೆ ಕರೆತರಬೇಕಾದರೆ ಬಾಡಿಗೆ ಗಾಡಿ ಬೇಕು, ಎತ್ತಿ ಕೂರಿಸಲು ಜನ ಬೇಕು, ಮನೆಯಲ್ಲಿ ಒಬ್ಬರ ದಿನಗೂಲಿ ಹೋಗುತ್ತದೆ. ಅಷ್ಟು ಮಾಡಿ ಬಂದಾಗ "ಇವತ್ತು ಆ ಡಾಕ್ಟ್ರು ಬರಲ್ಲ" ಅಂದರೆ ಹೇಗಾಗಬೇಡ!

ಅದಕ್ಕೇ ಈ ಬರಹ ಸೌಲಭ್ಯಗಳ ಪಟ್ಟಿಯಾಗಿ ಇಲ್ಲ, ಕೆಲಸ ಮಾಡಬೇಕಾದ ಕ್ರಮದಲ್ಲಿದೆ. ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕಿನವರಿಗೆ ಇದು ಹೊಂದುತ್ತದೆ. ಚಿಕ್ಕಮಗಳೂರು ಕಡೆಯ ಮಲೆನಾಡಿನವರು ಜಿಲ್ಲಾ ಆಸ್ಪತ್ರೆ, ಜಿಲ್ಲಾ ಕಚೇರಿ ಎಂದಿರುವ ಕಡೆ ತಮ್ಮದನ್ನು ಓದಿಕೊಂಡರೆ ಸಾಕು.

ಮೊದಲು ನೋಡಬೇಕಾದವರು ನಿಮ್ಮ ಪಂಚಾಯಿತಿಯಲ್ಲೇ ಇದ್ದಾರೆ

ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಎಲ್ಲರೂ ವಿಆರ್‌ಡಬ್ಲ್ಯೂ ಅಂತಲೇ ಕರೆಯುವುದು. ಅದೇ ಪಂಚಾಯಿತಿಯ ವಿಕಲಚೇತನರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಅವರಿಗೆ ಸಿಗುವುದು ಗೌರವಧನ ಮಾತ್ರ. ಅವರ ಮೇಲೆ, ತಾಲ್ಲೂಕು ಪಂಚಾಯಿತಿಯಲ್ಲಿ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ. ಪಟ್ಟಣದಲ್ಲಿದ್ದರೆ ನಗರ ಪುನರ್ವಸತಿ ಕಾರ್ಯಕರ್ತರನ್ನು ಪಾಲಿಕೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ. ಇವರೆಲ್ಲರ ಮೇಲಿರುವವರು ಶಿವಮೊಗ್ಗದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ.

ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯೂ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಬರಲು ಆಗದಿದ್ದರೆ ಫೋನ್ ಮಾಡಿ ಮನೆಗೇ ಕರೆಯಿರಿ. ಮನೆಗಳಿಗೆ ಹೋಗಿ ನೋಡುವುದು ಅವರ ಕೆಲಸದ ಭಾಗವೇ. ಅವರ ಬಳಿ ಇರುವ ಪಂಚಾಯಿತಿಯ ವಿಕಲಚೇತನರ ಪಟ್ಟಿಯಲ್ಲಿ ನಿಮ್ಮ ಮನೆಯವರ ಹೆಸರು ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಅಂದೇ ಸೇರಿಸಿ. ಕ್ಯಾಂಪ್ ಯಾವಾಗ, ಯಾವ ಅರ್ಜಿ ಬಂದಿದೆ ಎಂಬ ಸುದ್ದಿ ಆ ಪಟ್ಟಿ ಹಿಡಿದುಕೊಂಡೇ ಬರುವುದು. ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ಒಂದು ಮಾತು ಹೇಳಿಟ್ಟಿರಿ.

ಹಾಗೇ ಒಂದು ಫೈಲ್ ಮಾಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಆದಾಯ ಮತ್ತು ಜಾತಿ ಪ್ರಮಾಣಪತ್ರ, ಆಸ್ಪತ್ರೆಯ ಎಲ್ಲ ಚೀಟಿ, ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ತರ ಇದೆಯಾ ನೋಡಿ. ಆಧಾರ್‌ನಲ್ಲಿ ಒಂದು ಸ್ಪೆಲಿಂಗು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿ, ಮುಂದೆ ಪ್ರತಿ ಅರ್ಜಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಸಿಗೆ ಹಿಡಿದವರಿಗೆ ಆಧಾರ್ ಆಗಿಲ್ಲದಿದ್ದರೆ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆ ಇದೆ, ಅದನ್ನು ಕೇಳಿ ಪಡೆಯಬೇಕು.

ಯುಡಿಐಡಿ ಕಾರ್ಡ್

ಇದು ವಿಕಲಚೇತನರ ಗುರುತಿನ ಕಾರ್ಡ್, ಇದಿಲ್ಲದೆ ಮುಂದಿನ ಹೆಚ್ಚಿನ ಹೆಜ್ಜೆಗಳು ಆಗುವುದಿಲ್ಲ. ಹಿಂದೆ ಅಂಗವಿಕಲರ ಸರ್ಟಿಫಿಕೇಟ್, ಪಾಸ್‌ಬುಕ್ ಅಂತ ಇದ್ದ ಜಾಗಕ್ಕೆ ಈಗ ಈ ಒಂದು ಕಾರ್ಡ್ ಬಂದಿದೆ. ದೇಶದಲ್ಲೆಲ್ಲ ನಡೆಯುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕೈಕಾಲು, ಕಣ್ಣು, ಕಿವಿ ಮಾತ್ರ ಅಂದುಕೊಂಡು ಸುಮ್ನೆ ಕೂತವರು ಇನ್ನೂ ಇದ್ದಾರೆ. ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ತೊಂದರೆ, ದೀರ್ಘಕಾಲದ ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಹಿಮೋಫಿಲಿಯಾ, ತಲಸ್ಸೇಮಿಯಾ, ಕುಡುಗೋಲು ಕಣ ರಕ್ತಹೀನತೆ, ಕುಬ್ಜತೆ ಎಲ್ಲವೂ ಆ ಪಟ್ಟಿಯಲ್ಲಿವೆ. ಫಿಟ್ಸ್ ಒಂದೇ ಇದ್ದರೆ ಪಟ್ಟಿಗೆ ಬರುವುದಿಲ್ಲ. ಅದರ ಜೊತೆ ಬೇರೆ ವೈಕಲ್ಯ ಇದ್ದರೆ ಅದರ ಮೇಲೆ ಕಾರ್ಡ್ ಆಗುತ್ತದೆ.

ನಮ್ಮ ಜಿಲ್ಲೆಯದೇ ಆದ ಒಂದು ಕಾಯಿಲೆಯ ಮಾತನ್ನು ಇಲ್ಲಿ ಹೇಳಲೇಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಗುರುತಿಸಿದ, ಸೊಂಟದ ಕೀಲು ಸವೆದು ನಡಿಗೆಯೇ ನಿಂತುಹೋಗುವ ಹಂದಿಗೋಡು ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದೆ. ಪೀಡಿತರಲ್ಲಿ ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಕಾಯಿಲೆಯ ಹೆಸರು ಕಾಯ್ದೆಯ ಪಟ್ಟಿಯಲ್ಲಿ ಇಲ್ಲ ಎಂದು ಯಾರಾದರೂ ಹೇಳಿದರೆ ವಾಪಸ್ ಬರಬೇಡಿ. ಚಲನ ವೈಕಲ್ಯ, ಕುಬ್ಜತೆ ಎರಡೂ ಪಟ್ಟಿಯಲ್ಲಿವೆ, ಅವುಗಳ ಅಡಿಯಲ್ಲಿ ಪರೀಕ್ಷೆ ಮಾಡಿ ಎಂದು ಕೇಳಿ.

ಅರ್ಜಿ ಆನ್‌ಲೈನಿನಲ್ಲಿ, ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ. ನಿಮಗೆ ಆಗದಿದ್ದರೆ ವಿಆರ್‌ಡಬ್ಲ್ಯೂ ಅಥವಾ ಗ್ರಾಮ ಒನ್ ಕೇಂದ್ರದವರು ಹಾಕಿಕೊಡುತ್ತಾರೆ. ಫೋಟೊ, ಆಧಾರ್ ಏರಿಸಿ, ಆಸ್ಪತ್ರೆ ಆರಿಸಬೇಕು. ಅರ್ಜಿ ಹಾಕುವಾಗ ಕೊಡುವ ಮೊಬೈಲ್ ನಂಬರ್ ಮನೆಯಲ್ಲಿ ಕಾಯಂ ಇರುವವರದ್ದಾಗಿರಲಿ. ಕೇಂದ್ರದವರ ನಂಬರ್ ಹಾಕಿದರೆ ಒಟಿಪಿ, ಸಂದೇಶ ಎಲ್ಲ ಅವರಿಗೇ ಹೋಗುತ್ತದೆ.

ಇಡೀ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಶಿವಮೊಗ್ಗದ ಮೆಗ್ಗಾನ್. ವೈದ್ಯಕೀಯ ಕಾಲೇಜಿಗೆ ಸೇರಿದ್ದರಿಂದ ಮೂಳೆ, ಕಣ್ಣು, ಕಿವಿ, ಮಕ್ಕಳ ವಿಭಾಗ, ಮನೋರೋಗ ಎಲ್ಲ ವಿಭಾಗದವರೂ ಒಂದೇ ಕಡೆ ಸಿಗುತ್ತಾರೆ. ಆದರೂ ಪರೀಕ್ಷೆ ಯಾವ ದಿನ, ಯಾವ ಡಾಕ್ಟರ್ ಇರುತ್ತಾರೆ ಎಂದು ವಿಆರ್‌ಡಬ್ಲ್ಯೂ ಮೂಲಕ ಹಿಂದಿನ ದಿನವೇ ಕೇಳಿಕೊಂಡು ಹೊರಡಿ. ಕೆಲವು ವೈಕಲ್ಯಗಳ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ ಮುಗಿಯಬಹುದು, ಅದನ್ನೂ ಮೊದಲೇ ವಿಚಾರಿಸಿ. ಕಿವಿ ಕೇಳದ ಸಣ್ಣ ಮಕ್ಕಳಿಗೆ ಬೆರಾ ಪರೀಕ್ಷೆ ಬೇಕಾಗುತ್ತದೆ. ಮಗು ಮಲಗಿರುವಾಗ ಮಾಡುವ ಪರೀಕ್ಷೆ ಅದು. ಹಾಗಾಗಿ ಮಗುವಿನ ಹಾಲು, ಹೊದಿಕೆ, ಜೋಗುಳ ಎಲ್ಲ ಸಿದ್ಧ ಮಾಡಿಕೊಂಡು ಹೋಗಿ.

ಪರೀಕ್ಷೆಯ ಕೋಣೆಯಲ್ಲಿ ಆಗುವ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬೌದ್ಧಿಕ ವೈಕಲ್ಯ, ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಮನೆಯವರು ಕೊಡುವ ಉತ್ತರವೂ ಲೆಕ್ಕಕ್ಕೆ ಬರುತ್ತದೆ. ಊಟ, ಬಟ್ಟೆ, ಸ್ನಾನ, ಮಾತು ಎಲ್ಲ ಕೇಳಿ ಅಂಕ ಹಾಕುತ್ತಾರೆ. ನಮ್ಮ ಅಮ್ಮಂದಿರಿಗೆ ಮಗನನ್ನು ಬಿಟ್ಟುಕೊಟ್ಟು ಮಾತಾಡಿ ಗೊತ್ತಿಲ್ಲ. ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಮನೆಯ ಜಗಲಿಯಲ್ಲಿ ಒಬ್ಬ ಅಮ್ಮನ ಜೊತೆ ನಡೆದ ಮಾತು ಹೀಗಿತ್ತು:

"ಅಕ್ಕಾ, ಊಟ ಯಾರು ಮಾಡಿಸ್ತೀರಿ?"

"ಅವ್ನೇ ಮಾಡ್ತಾನೆ ಕಣಮ್ಮ."

"ಕಲಸಿಕೊಡೋದು?"

"ಅದು ನಾನೇ. ಬಾಯಿಗೆ ಕೊಡೋದೂ ನಾನೇ. ಆದ್ರೆ ಚೆಂದ ಉಣ್ತಾನೆ."

"ಹೊರಗೆ ಹೋಗಬೇಕು ಅಂದ್ರೆ ಹೇಳ್ತಾನಾ?"

"ನಂಗೆ ಗೊತ್ತಾಗುತ್ತೆ ಬಿಡು."

ಹುಡುಗನಿಗೆ ಆಗ 14 ವರ್ಷ. ಡಾಕ್ಟರ ಮುಂದೆ ಆ ಅಮ್ಮ "ಊಟ ಅವನೇ ಮಾಡ್ತಾನೆ" ಎಂದಿದ್ದರೆ ಕಾಗದದಲ್ಲಿ ಅದೇ ಬರುತ್ತಿತ್ತು. ಇಲ್ಲಿ ಹೆಚ್ಚು ಮಾಡಿ ಹೇಳುವುದೂ ಬೇಡ, ಮುಚ್ಚಿಡುವುದೂ ಬೇಡ. ಹಿಂದಿನ ದಿನ ಕೂತು, ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾವ ಕೆಲಸ ತಾನೇ ಮಾಡುತ್ತಾನೆ, ಯಾವುದಕ್ಕೆ ಕೈ ಹಿಡಿಯಬೇಕು, ಯಾವುದನ್ನು ಪೂರ್ತಿ ನೀವೇ ಮಾಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದನ್ನೇ ಓದಿ ಹೇಳಿ.

ಕಾರ್ಡಿನಲ್ಲಿ ಶೇಕಡಾವಾರು ಇರುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 79 ಇದ್ದರೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಹೆಚ್ಚಿನ ಸೌಲಭ್ಯಗಳು ಶುರುವಾಗುವುದು 40ರಿಂದ. ಮಕ್ಕಳಿಗೆ ಮತ್ತು ಮುಂದೆ ಬದಲಾಗಬಹುದಾದ ಸ್ಥಿತಿಗಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಮೇಲಿನ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರ್ನಾಲ್ಕು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ. ದಿನಾಂಕ ಮುಗಿದರೆ ಮಾಸಾಶನವೂ ನಿಲ್ಲಬಹುದು.

2024ರ ಹೊಸ ನಿಯಮದ ಪ್ರಕಾರ ಪ್ರಮಾಣಪತ್ರ ಕೊಡಲು ಆಸ್ಪತ್ರೆಗೆ ಮೂರು ತಿಂಗಳ ಗಡುವಿದೆ. ಅರ್ಜಿ ಹಾಕಿ ಪರೀಕ್ಷೆಗೆ ಹೋಗದೆ ಎರಡು ವರ್ಷ ಬಿಟ್ಟರೆ ಆ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿಂದ ಹಾಕಬೇಕು, ಇಲ್ಲವೇ ಅದನ್ನೇ ಮತ್ತೆ ಚಾಲೂ ಮಾಡಿಸಬೇಕು. ಶೇಕಡಾವಾರು ಸರಿ ಬಂದಿಲ್ಲ ಎನಿಸಿದರೆ ತೀರ್ಮಾನ ಆದ ದಿನದಿಂದ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಈ ಹಕ್ಕನ್ನು ಬಳಸುವವರು ತುಂಬ ಕಡಿಮೆ. ಒಂದು ಅಂಕದಲ್ಲಿ 40 ತಪ್ಪಿಹೋದವರು ಖಂಡಿತ ಬಳಸಿ.

ಮಾಸಾಶನ

ಊರಲ್ಲಿ "ಅಂಗವಿಕಲರ ಸಂಬಳ" ಎನ್ನುವುದು ಇದನ್ನೇ. ಅರ್ಜಿ ಹಾಕುವುದು ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ. ಗ್ರಾಮ ಆಡಳಿತ ಅಧಿಕಾರಿ ಮನೆ ಕಡೆ ಬಂದು ವಿಚಾರಣೆ ಮಾಡುತ್ತಾರೆ, ಮಂಜೂರಾತಿ ತಾಲ್ಲೂಕು ಕಚೇರಿಯಿಂದ. ಈ ಕೆಲಸಕ್ಕೆ ವಿಕಲಚೇತನರನ್ನು ಹೊತ್ತುಕೊಂಡು ಹೋಗುವ ಅಗತ್ಯ ಇಲ್ಲ, ದಾಖಲೆ ಹಿಡಿದು ಮನೆಯವರು ಹೋದರೆ ಆಯಿತು. ಶೇ 75 ದಾಟಿದವರಿಗೆ ಮೊತ್ತ ಜಾಸ್ತಿ. ಆದ್ದರಿಂದ ಕಾಯಿಲೆ ಹೆಚ್ಚಾಗಿ ಹೊಸ ಕಾರ್ಡ್ ಆದಾಗ ಅದನ್ನು ನಾಡಕಚೇರಿಗೂ ಕೊಡಿ, ತಾನಾಗಿ ಅಲ್ಲಿಗೆ ತಲುಪುವುದಿಲ್ಲ.

ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯಲ್ಲಿ ಸಕಾಲದ ನಂಬರ್ ಇರುತ್ತದೆ. ಅದನ್ನು ಫೈಲಿಗೆ ಹಾಕಿ. ಹಣ ಬ್ಯಾಂಕ್ ಅಥವಾ ಅಂಚೆ ಖಾತೆಗೆ ನೇರವಾಗಿ ಬರುತ್ತದೆ, ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಮಾಸಾಶನ ಹಠಾತ್ತನೆ ನಿಂತರೆ ಮೊದಲು ಬ್ಯಾಂಕಿಗೆ ಹೋಗಿ ಈ ಜೋಡಣೆ ಸರಿ ಇದೆಯಾ ಕೇಳಿ, ಆಮೇಲೆ ನಾಡಕಚೇರಿ. ವಿಧವೆಯೂ ಆಗಿದ್ದು ವಿಕಲಚೇತನರೂ ಆಗಿದ್ದರೆ ಎರಡು ಮಾಸಾಶನ ಒಟ್ಟಿಗೆ ಸಿಗುವುದಿಲ್ಲ. ಯಾವುದು ಹೆಚ್ಚು ನೋಡಿ ಒಂದನ್ನು ಆರಿಸಿಕೊಳ್ಳಬೇಕು.

ಪಂಚಾಯಿತಿಯ ಶೇ 5ರ ಹಣ, ಮತ್ತು ನಿಮ್ಮ ಮನೆಯ ಅಂಗಳ

ಪ್ರತಿ ಗ್ರಾಮ ಪಂಚಾಯಿತಿ, ಪುರಸಭೆ ತನ್ನ ಹಣದಲ್ಲಿ ಶೇ 5ನ್ನು ವಿಕಲಚೇತನರಿಗಾಗಿಯೇ ಎತ್ತಿಡಬೇಕು. ನನ್ನ ಮಟ್ಟಿಗೆ ಹಳ್ಳಿಯಲ್ಲಿ ಎಲ್ಲಕ್ಕಿಂತ ಬೇಗ ಕೈಗೆ ಸಿಗುವ ನೆರವು ಇದೇ. ಹೆಚ್ಚಿನವರಿಗೆ ಇದು ಇರುವುದೇ ಗೊತ್ತಿಲ್ಲ. ವಿಕಲಚೇತನರಿಗಾಗಿ ವಿಶೇಷ ಗ್ರಾಮಸಭೆ ನಡೆಯುತ್ತದೆ. ಯಾವಾಗ ಎಂದು ಪಿಡಿಒ ಹತ್ತಿರ ಕೇಳಿಟ್ಟುಕೊಂಡು ಅಲ್ಲಿಗೆ ಬರೆದ ಅರ್ಜಿ ತೆಗೆದುಕೊಂಡು ಹೋಗಿ. ಬಾಯಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ. ಅರ್ಜಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಏನು ಕೇಳಬೇಕು? ಸುಮ್ಮನೆ "ಸಹಾಯ ಬೇಕು" ಎಂದು ಬರೆದರೆ ಏನೂ ಆಗಲ್ಲ. ಒಂದು ದಿನ ಅಂಗಳದಲ್ಲಿ ನಿಂತು ನಿಮ್ಮ ಮನೆಯನ್ನೇ ನೋಡಿ. ದಣಪೆ, ಅಂದರೆ ಗಳ ಅಡ್ಡ ಹಾಕಿದ ಅಂಗಳದ ಬಾಗಿಲು, ದಾಟಲು ಏನು ಮಾಡುತ್ತೀರಿ? ಆ ಗಳ ತೆಗೆದರೂ ಗಾಲಿಕುರ್ಚಿ ಹೋಗುವಷ್ಟು ಅಗಲ ಇದೆಯಾ? ಜಂಬಿಟ್ಟಿಗೆಯ ಮೆಟ್ಟಿಲು ಎಷ್ಟು ಎತ್ತರ? ಹಿತ್ತಲಿನ ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ ಜೂನ್ ಬಂತೆಂದರೆ ಪಾಚಿ ಕಟ್ಟುತ್ತದೆ, ಗಟ್ಟಿಮುಟ್ಟಾದವರೇ ಜಾರಿ ಬೀಳುತ್ತಾರೆ. ಕಣ್ಣು ಕಾಣದವರು, ಊರುಗೋಲಿನವರು ಅಲ್ಲಿ ಹೇಗೆ ನಡೆಯಬೇಕು? ಇವನ್ನು ಒಂದೊಂದಾಗಿ ಬರೆಯಿರಿ: ಇಳಿಜಾರು ದಾರಿ, ಕಮೋಡ್ ಇರುವ ಶೌಚಾಲಯ, ಗೋಡೆಗೆ ಹಿಡಿಕೆ, ಬಚ್ಚಲಿಗೆ ಒರಟು ನೆಲ.

ಇಳಿಜಾರಿನ ಲೆಕ್ಕ ನೆನಪಿಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೇಸ್ತ್ರಿಗಳು ಜಾಗ ಉಳಿಸಲು ಮೂರ್ನಾಲ್ಕು ಅಡಿಯಲ್ಲೇ ಮುಗಿಸಿಬಿಡುತ್ತಾರೆ. ಅದರ ಮೇಲೆ ಗಾಲಿಕುರ್ಚಿ ತಳ್ಳುವುದು ಒಬ್ಬರಿಂದ ಆಗದ ಮಾತು, ಇಳಿಸುವಾಗಂತೂ ಅಪಾಯ. ಹಣ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ತೋಟದಲ್ಲಿ ಬಿದ್ದ ಅಡಿಕೆ ಮರದ ದಬ್ಬೆಯನ್ನು ಹೆರೆದು ನುಣುಪು ಮಾಡಿ, ಹಿಂಬಾಗಿಲಿನಿಂದ ಬಚ್ಚಲುಮನೆವರೆಗೆ ಸೊಂಟದೆತ್ತರಕ್ಕೆ ಕಟ್ಟಿದರೆ ಹಿಡಿದು ನಡೆಯಲು ಆಸರೆ ಆಯಿತು. ಸಿಬಿರು ಏಳದಂತೆ ಮೇಲೆ ಹಳೆ ಸೈಕಲ್ ಟ್ಯೂಬ್ ಸುತ್ತಿ. ಕಣ್ಣು ಕಾಣದ ಅಜ್ಜಂದಿರು ಇದೊಂದರಿಂದಲೇ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ ಬರುವುದನ್ನು ನೋಡಿದ್ದೇನೆ.

ಗಾಲಿಕುರ್ಚಿ, ಶ್ರವಣಯಂತ್ರ, ಕೃತಕ ಕಾಲು

ಕೇಂದ್ರದ ಎಡಿಪ್ ಯೋಜನೆಯಲ್ಲಿ ಅಲಿಂಕೊ ಸಂಸ್ಥೆಯ ಸಲಕರಣೆಗಳು ಬರುತ್ತವೆ. ಮೊದಲು ಅಳತೆ ತೆಗೆಯುವ ಕ್ಯಾಂಪ್, ತಿಂಗಳುಗಳಾದ ಮೇಲೆ ಹಂಚುವ ಕ್ಯಾಂಪ್. ಅಳತೆಯ ಕ್ಯಾಂಪಿಗೆ ವಿಕಲಚೇತನರು ಖುದ್ದು ಬರಲೇಬೇಕು, ಆ ದಿನ ತಪ್ಪಿಸಬೇಡಿ. ಬ್ಯಾಟರಿ ತ್ರಿಚಕ್ರ ವಾಹನ ಸಿಗುವುದು ಹೆಚ್ಚಿನ ಪ್ರಮಾಣದ ವೈಕಲ್ಯ ಇರುವವರಿಗೆ. ರಾಜ್ಯದ ವಿಕಲಚೇತನರ ಇಲಾಖೆಯಿಂದ ಪಕ್ಕಕ್ಕೆ ಚಕ್ರ ಜೋಡಿಸಿದ ದ್ವಿಚಕ್ರ ವಾಹನ, ಹೊಲಿಗೆ ಯಂತ್ರ, ಅಂಧ ವಿದ್ಯಾರ್ಥಿಗಳಿಗೆ ಮಾತಾಡುವ ಲ್ಯಾಪ್‌ಟಾಪ್ ಇವೆ. ಅರ್ಜಿ ಸೇವಾಸಿಂಧುವಿನಲ್ಲಿ. ವರ್ಷದಲ್ಲಿ ಕೆಲವೇ ದಿನ ತೆರೆದಿರುತ್ತದೆ, ಅದಕ್ಕೇ ಎಂಆರ್‌ಡಬ್ಲ್ಯೂ ಫೋನ್ ನಂಬರ್ ಇರಬೇಕು ಎನ್ನುವುದು.

ಗಾಲಿಕುರ್ಚಿ ತೆಗೆದುಕೊಳ್ಳುವಾಗ ಕೂರಿಸಿ ನೋಡದೆ ತರಬೇಡಿ. ಸೀಟು ಅಗಲ ಹೆಚ್ಚಾದರೆ ಬೆನ್ನು ಒಂದು ಕಡೆ ವಾಲುತ್ತದೆ, ಬೆಳೆಯುವ ಮಕ್ಕಳಲ್ಲಿ ಅದು ಹಾಗೇ ಗಟ್ಟಿಯಾಗುತ್ತದೆ. ಸಾಮಾನ್ಯ ಕುರ್ಚಿಯ ಮುಂದಿನ ಚಕ್ರ ಸಣ್ಣದು. ಆಸ್ಪತ್ರೆಯ ಟೈಲ್ಸ್ ಮೇಲೆ ಸರಿ, ನಮ್ಮ ಒದ್ದೆ ಮಣ್ಣಿನ ಅಂಗಳದಲ್ಲಿ ಹೂತು ನಿಂತುಬಿಡುತ್ತದೆ. ಮುಂದೆ ದೊಡ್ಡ ಚಕ್ರ ಇರುವ ಮಾದರಿ ಇದೆಯಾ ಎಂದು ಕೇಳಿ. ಗಾಳಿ ಹಾಕುವ ಟೈರ್ ಆದರೆ ಪಂಕ್ಚರ್ ಹಾಕಿಸಲು ಊರ ಸೈಕಲ್ ಶಾಪ್ ಸಾಕು.

ಮಕ್ಕಳಿದ್ದರೆ

ಆರು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ವರ್ಷ ತುಂಬಿದರೂ ಕರೆದರೆ ತಿರುಗಿ ನೋಡದಿದ್ದರೆ "ನಮ್ಮ ಮನೆ ಮಕ್ಕಳು ತಡವಾಗಿಯೇ ಮಾತಾಡೋದು" ಎಂದು ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರುತ್ತದೆ. ಆ ದಿನ ಮಗು ಅಲ್ಲಿ ಇರಬೇಕು. ಅವರು ಬರೆದುಕೊಟ್ಟರೆ ಮುಂದಿನ ಪರೀಕ್ಷೆ, ಥೆರಪಿ, ಬೇಕಿದ್ದರೆ ಶಸ್ತ್ರಚಿಕಿತ್ಸೆಯೂ ಉಚಿತ. ಹುಟ್ಟಿದಾಗಿನಿಂದ 18 ವರ್ಷದವರೆಗೆ ಇದು ಸಿಗುತ್ತದೆ. ಮಾತು, ಶ್ರವಣದ ತೊಂದರೆ ಬಿಡಿಸಿ ನೋಡಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶಿವಮೊಗ್ಗದಿಂದ ನೇರ ರೈಲು ಇರುವುದರಿಂದ ಹೋಗಿ ಬರುವುದು ಅಷ್ಟು ಕಷ್ಟ ಅಲ್ಲ.

ಶಾಲೆಯ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಶೇ 40 ಮತ್ತು ಮೇಲ್ಪಟ್ಟ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ಪೋಷಕರ ಆಯ್ಕೆ. "ನಮ್ಮಲ್ಲಿ ನೋಡ್ಕೊಳ್ಳೋಕೆ ಆಗಲ್ಲ" ಎಂದು ಮುಖ್ಯ ಶಿಕ್ಷಕರು ವಾಪಸ್ ಕಳಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗೆಂದೇ ತಾಲ್ಲೂಕಿನಲ್ಲಿ ಇರುವವರು ಅವರು. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠದ ವ್ಯವಸ್ಥೆಯೂ ಅವರ ಮೂಲಕವೇ. ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವವರ ನೆರವು, ಹೆಚ್ಚಿನ ಸಮಯ ಸಿಗುತ್ತದೆ. ಅರ್ಜಿಯನ್ನು ಪರೀಕ್ಷೆಗೆ ನೋಂದಾಯಿಸುವಾಗಲೇ ಶಾಲೆಯಿಂದ ಕಳಿಸಬೇಕು, ಮಾರ್ಚ್‌ನಲ್ಲಿ ಓಡಾಡಿದರೆ ಆಗುವುದಿಲ್ಲ. ಅಂಧ ಮಕ್ಕಳಿಗೆ ಶಿವಮೊಗ್ಗದಲ್ಲೇ ಶಾರದಾದೇವಿ ಅಂಧರ ವಿಕಾಸ ಕೇಂದ್ರವಿದೆ.

ಓಡಾಟ

ಕೆಎಸ್ಆರ್‌ಟಿಸಿ ರಿಯಾಯಿತಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಅಂಧರಿಗೆ ಉಚಿತ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಪಾಸಿನ ಚಿಂತೆಯೇ ಇಲ್ಲ. ಆದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಪಾಸೂ ನಡೆಯಲ್ಲ, ಶಕ್ತಿಯೂ ಇಲ್ಲ. ಇದು ಮಲೆನಾಡಿನ ವಿಕಲಚೇತನರಿಗೆ ಆಗುತ್ತಿರುವ ನಿಜವಾದ ಅನ್ಯಾಯ. ಗ್ರಾಮಸಭೆಯಲ್ಲಿ ಸರ್ಕಾರಿ ಬಸ್ಸಿಗೆ ಬೇಡಿಕೆ ಬರೆಸುವಾಗ ಊರಿನಲ್ಲಿ ಎಷ್ಟು ವಿಕಲಚೇತನರಿದ್ದಾರೆ ಎಂಬ ಸಂಖ್ಯೆಯನ್ನೂ ಸೇರಿಸಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಮಾತ್ರ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಲಾಂಚ್‌ಗಾಗಿ ಕಾಯುವುದು ತಪ್ಪಿದೆ. ಸಾಗರದ ಆಸ್ಪತ್ರೆಗೆ ರಾತ್ರಿ ಹೊತ್ತಿನಲ್ಲೂ ಹೊರಡಬಹುದು.

ರೈಲಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಚಲನ ವೈಕಲ್ಯದವರಿಗೆ, ಬೌದ್ಧಿಕ ವೈಕಲ್ಯದವರಿಗೆ, ಅಂಧರಿಗೆ ಸ್ಲೀಪರ್ ದರ್ಜೆಯಲ್ಲಿ ಶೇ 75 ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ರೈಲ್ವೆ ನಮೂನೆಯ ಪ್ರಮಾಣಪತ್ರಕ್ಕೆ ಸರ್ಕಾರಿ ವೈದ್ಯರ ಸಹಿ ಬೇಕು. ಯುಡಿಐಡಿಗೆ ಮೆಗ್ಗಾನ್‌ಗೆ ಹೋದ ದಿನವೇ ಆ ನಮೂನೆಯನ್ನೂ ಹಿಡಿದು ಹೋದರೆ ಇನ್ನೊಂದು ಓಡಾಟ ಉಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ

ಆಸ್ಪತ್ರೆಯ ಓಡಾಟವನ್ನೆಲ್ಲ ಆದಷ್ಟು ಮೇ ಒಳಗೆ ಮುಗಿಸಿ. ಜೂನ್ ಆದ ಮೇಲೆ ಮರ ಬಿದ್ದು ದಾರಿ ಕಟ್ಟುವುದು, ಹಳ್ಳ ದಾಟುವ ಸಂಕ ಮುಳುಗುವುದು ಯಾವಾಗ ಎಂದು ಹೇಳಲಾಗದು. ಫಿಟ್ಸ್ ಮಾತ್ರೆ, ಮನೋರೋಗದ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ. ಒಂದು ತಿಂಗಳಿಗೆ ಸಾಕಾಗುವಷ್ಟು ಹೆಚ್ಚಿಗೆ ಬರೆಸಿಕೊಂಡು, ಡಬ್ಬಿಯಲ್ಲಿ ಗಾಳಿಯಾಡದಂತೆ ಇಡಿ. ಶ್ರವಣಯಂತ್ರಕ್ಕೆ ಶೀತ ಆಗದು, ರಾತ್ರಿ ತೆಗೆದು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡಬೇಕು. ಗಾಳಿ ಹಾಸಿಗೆ, ಕಫ ತೆಗೆಯುವ ಯಂತ್ರ ಕರೆಂಟಿನಲ್ಲಿ ನಡೆಯುವ ಮನೆಯಾದರೆ ಮೆಸ್ಕಾಂ ಸೆಕ್ಷನ್ ಕಚೇರಿಗೆ ಒಂದು ಪತ್ರ ಕೊಟ್ಟು ತಿಳಿಸಿಟ್ಟಿರಿ. ದೂರಿಗೆ 1912. ಕೈಯಿಂದ ಒತ್ತುವ ಕಫ ತೆಗೆಯುವ ಸಾಧನವೂ ಒಂದು ಮನೆಯಲ್ಲಿರಲಿ. 108ಕ್ಕೆ ಫೋನ್ ಹೋಗುವಷ್ಟು ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಗುಡ್ಡದ ಮೇಲಾ, ಪಕ್ಕದ ಮನೆಯ ಜಗಲಿಯಲ್ಲಾ, ಎಲ್ಲರಿಗೂ ಗೊತ್ತಿರಲಿ.

ನೋಡಿಕೊಳ್ಳುವವರಿಗೆ

ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿ ಕಡಿದುಕೊಂಡ ಗಂಡಸರು ಮಲೆನಾಡಿನ ಎಷ್ಟೋ ಊರುಗಳಲ್ಲಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ಮನೆಯ ಹೆಂಗಸಿನ ದಿನ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು. ರಾತ್ರಿಯೂ ಅಷ್ಟೇ. ಅವಳು ಎಂದು ನಿದ್ದೆ ಮಾಡಬೇಕು?

ಡಿಸ್ಚಾರ್ಜ್ ಆಗುವ ಮುಂಚೆಯೇ ನರ್ಸ್ ಹತ್ತಿರ ಕೂತು ಮೂರು ಕೆಲಸ ಕಲಿಯಿರಿ: ಒಬ್ಬರೇ ಹಾಸಿಗೆಯಲ್ಲಿ ಹೊರಳಿಸುವುದು, ಮೂತ್ರದ ನಳಿಕೆ ಶುಚಿ ಮಾಡುವುದು, ಚರ್ಮ ಕೆಂಪಾದಾಗ ಗುರುತಿಸುವುದು. ಒತ್ತಿದರೂ ಬಿಳಿಯಾಗದ ಕೆಂಪು ಹುಣ್ಣಿನ ಮೊದಲ ಹಂತ, ಅಲ್ಲಿಗೆ ಭಾರ ಬೀಳದಂತೆ ನೋಡಿಕೊಂಡರೆ ವಾಸಿಯಾಗುತ್ತದೆ. ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ನಿಮ್ಮ ಬೆನ್ನು ಹೋದರೆ ಇಬ್ಬರನ್ನು ನೋಡುವವರು ಯಾರು? ಮನೆಯ ಗಂಡುಮಕ್ಕಳು, ಅತ್ತಿಗೆ, ನಾದಿನಿ ಎಲ್ಲರೂ ಇದನ್ನು ಕಲಿಯಬೇಕು, ವಾರದಲ್ಲಿ ಕೆಲವು ರಾತ್ರಿ ಸರದಿ ಹಂಚಿಕೊಳ್ಳಬೇಕು. ಇದನ್ನು ಬಾಯಿಬಿಟ್ಟು ಕೇಳಿ. ಕೇಳದೆ ಯಾರಿಗೂ ಹೊಳೆಯುವುದಿಲ್ಲ.

ಹಣದ ವಿಷಯದಲ್ಲಿ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆಯನ್ನು ರಾಜ್ಯದ 2024-25ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಎಂಆರ್‌ಡಬ್ಲ್ಯೂ ಬಳಿ ಹೆಸರು ಹಿಡಿದೇ ಕೇಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಕೊಡುತ್ತದೆ. ಆಸ್ಪತ್ರೆಗೆ ಸೇರದೆ ತೆಗೆದುಕೊಳ್ಳುವ ಥೆರಪಿಗೂ ಇದರಲ್ಲಿ ಹಣ ಇದೆ, ಬಿಲ್ಲುಗಳನ್ನು ಇಟ್ಟುಕೊಳ್ಳಬೇಕಷ್ಟೆ. ನೌಕರಿಯಲ್ಲಿದ್ದು ತೆರಿಗೆ ಕಟ್ಟುವವರು ಹಳೆಯ ತೆರಿಗೆ ಪದ್ಧತಿಯಲ್ಲಿ, ವಿಕಲಚೇತನ ಅವಲಂಬಿತರಿಗಾಗಿ ಇರುವ ವಿನಾಯಿತಿಯ ಅಡಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ) ಆದಾಯದಿಂದ 75,000 ರೂಪಾಯಿ, ವೈಕಲ್ಯ ಶೇ 80 ಮತ್ತು ಮೇಲಿದ್ದರೆ 1,25,000 ರೂಪಾಯಿ ಕಳೆಯಬಹುದು.

ಮನಸ್ಸು ಕುಗ್ಗಿ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹೊತ್ತಿಗೆ ಟೆಲಿ ಮಾನಸ್ 14416 ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ, ಕನ್ನಡದಲ್ಲೇ ಮಾತಾಡಬಹುದು. ಇದು ರೋಗಿಗಳಿಗೆ ಮಾತ್ರ ಇರುವ ನಂಬರ್ ಅಲ್ಲ, ನೋಡಿಕೊಳ್ಳುವವರಿಗೂ ಇರುವುದು.

ಕೆಲಸ ಆಗದಿದ್ದರೆ

ಮೊದಲು ಬರೆದ ಅರ್ಜಿ, ಸ್ವೀಕೃತಿ. ಅದಾದ ಮೇಲೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಪತ್ರ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಕೋರ್ಟಿನ ವಿಷಯ ಬಂದರೆ, ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಶಿವಮೊಗ್ಗ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

18 ತುಂಬುವಾಗ, ಮತ್ತು ನೀವಿಲ್ಲದ ಕಾಲಕ್ಕೆ

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವೈಕಲ್ಯ ಇರುವ ಮಗ ಮಗಳಿಗೆ 18 ತುಂಬಿದ ದಿನದಿಂದ ಅಪ್ಪ ಅಮ್ಮ ತಾನಾಗಿ ಕಾನೂನಿನ ಪಾಲಕರಲ್ಲ. ಬ್ಯಾಂಕು, ಆಸ್ತಿ, ಆಸ್ಪತ್ರೆಯ ಸಹಿ ಎಲ್ಲ ಕಡೆ ಈ ಪ್ರಶ್ನೆ ಬರುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪಾಲಕತ್ವ ಕೊಡುವುದು ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ, ಕೋರ್ಟಿಗೆ ಹೋಗಬೇಕಿಲ್ಲ. ಅರ್ಜಿಯನ್ನು ಎಲ್ಲಿ ಕೊಡಬೇಕು ಎಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ತೋಟ, ಮನೆ ಪಾಲಾಗುವಾಗ "ಅವನ ಪಾಲು ಅಣ್ಣ ನೋಡ್ಕೊಳ್ತಾನೆ" ಎಂದು ಬಾಯಿಮಾತಿನಲ್ಲಿ ಬಿಡಬೇಡಿ. ಅಣ್ಣ ಒಳ್ಳೆಯವನೇ ಇರಬಹುದು, ಅವನ ನಂತರ ಯಾರು? ವಿಲ್ ಬರೆಸಿ, ನೋಂದಣಿ ಮಾಡಿಸಿ, ಅದರಲ್ಲಿ ವಿಕಲಚೇತನ ಮಗುವಿನ ಪಾಲನ್ನೂ ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಬಿಡಿಸಿ ಬರೆಸಿ. ಅಪ್ಪನೋ ಅಮ್ಮನೋ ಸರ್ಕಾರಿ ನೌಕರಿಯಲ್ಲಿದ್ದು ಪಿಂಚಣಿ ಬರುವವರಾಗಿದ್ದರೆ ದುಡಿಯಲಾಗದ ವಿಕಲಚೇತನ ಮಗುವಿಗೆ ಕುಟುಂಬ ಪಿಂಚಣಿ ಸಿಗುವ ನಿಯಮ ಇದೆ. ನಿವೃತ್ತಿಯ ಕಾಗದ ಹೋಗುವಾಗಲೇ ಆ ಮಗುವಿನ ಹೆಸರು, ಯುಡಿಐಡಿ ನಂಬರ್, ಪಾಲಕರ ಹೆಸರು ಅದರೊಳಗೆ ಸೇರಿಸಿ ಕಳಿಸಿ.